ಮೂರೂವರೆಯ ಭೋಂಗಾ

ನನ್ನ ಸೋದರಮಾವನಿಗೆ ಈಗ ಎಪ್ಪತ್ತು. ಹನ್ನೆರಡನೇ ವಯಸ್ಸಿಗೆ, 1967ರಲ್ಲಿ, ಕುಂದಾಪುರದ ಕಡೆಯ ನಮ್ಮ ಊರಿನಿಂದ ಮುಂಬಯಿಗೆ ಹೋದವರು. ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ಪುಣೆಯ ಮೇಲೆ ರೈಲು. ಲಾಲ್‌ಬಾಗಿನ ಒಂದು ಗಿರಣಿಯ ಗೇಟಿನೆದುರು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನಾಗಿ ಸೇರಿ, ಸಪ್ಲೈಯರ್ ಆಗಿ, ಕಡೆಗೆ ಗಲ್ಲಾದಲ್ಲಿ ಕೂತರು. 1984ರಲ್ಲಿ ಹೋಟೆಲು ಮುಚ್ಚಿತು. ಊರಿಗೆ ಬಂದವರು ಮತ್ತೆ ಮುಂಬಯಿಗೆ ಕಾಲಿಟ್ಟಿರಲಿಲ್ಲ. ಮದುವೆ ಮುಂಜಿ ಎಂದು ಎಷ್ಟು ಕರೆ ಬಂದರೂ ಒಂದಿಲ್ಲೊಂದು ನೆಪ.

ಕಳೆದ ದೀಪಾವಳಿಗೆ ಹೋದಾಗ, ಊಟ ಮುಗಿಸಿ ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತಾ ತಾವಾಗಿಯೇ ಬಾಯಿಬಿಟ್ಟರು. "ಒಂದ್ ಸಲ ಲಾಲ್‌ಬಾಗ್ ಕಾಣ್ಕ್ ಮಗಾ."

ನಾನಿರುವುದು ದಾವಣಗೆರೆಯಲ್ಲಿ, ಮೇಷ್ಟರ ಕೆಲಸ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಒಂದು ಕಾಲಕ್ಕೆ ಕರೆಸಿಕೊಂಡ ಊರದು. ಬಟ್ಟೆ ಗಿರಣಿಗಳೆಲ್ಲ ಬಾಗಿಲು ಹಾಕಿದ ಮೇಲೆ ಬೆಣ್ಣೆದೋಸೆಯ ಹೆಸರಿನಲ್ಲಿ ಬದುಕಿಕೊಂಡಿದೆ. ಗಿರಣಿ ಸತ್ತ ಊರು ಹೇಗಿರುತ್ತದೆ ಎಂಬುದು ನನಗೆ ಗೊತ್ತು ಎಂದುಕೊಂಡೇ ಮಾವನ ಜೊತೆ ಹೊರಟೆ.

ಮೊದಲ ದಿನ

ಕುಂದಾಪುರದಲ್ಲಿ ಸಂಜೆ ಮತ್ಸ್ಯಗಂಧ ಹತ್ತಿದರೆ ಬೆಳಗಿನ ಹೊತ್ತಿಗೆ ಕುರ್ಲಾ. ಮಾವನಿಗೆ ಇದೇ ದೊಡ್ಡ ಅಚ್ಚರಿ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ, ಅವರು ಮುಂಬಯಿ ಬಿಟ್ಟು ಹದಿನಾಲ್ಕು ವರ್ಷದ ಮೇಲೆ. "ಆಗ ಹೀಗೊಂದು ರೈಲಿದ್ದಿದ್ದರೆ ಅಮ್ಮನ ಮುಖ ನೋಡಲು ಸಿಗುತ್ತಿತ್ತು" ಎಂದು ಒಂದು ಸಲ ಹೇಳಿದರು. ಅಜ್ಜಿ ತೀರಿಕೊಂಡಾಗ ಅವರು ಊರು ಮುಟ್ಟಿದ್ದು ಮೂರನೇ ದಿನಕ್ಕೆ.

ಸಯನ್‌ನಲ್ಲಿ ದೊಡ್ಡಮ್ಮನ ಮಗಳ ಮನೆ. ಸ್ನಾನ ಮುಗಿಸಿ ಮಾಟುಂಗಾಕ್ಕೆ ಹೋದೆವು. ಸ್ಟೇಷನ್ ಎದುರಿನ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಊಟ ಬಡಿಸುತ್ತಿದೆ. ಮೆಟ್ಟಿಲ ಮೇಲೆ ಸರತಿ, ಒಳಗೆ ಬಾಳೆಲೆ, ತಿಳಿಸಾರು. ಮಾವ ಉಣ್ಣುವುದಕ್ಕಿಂತ ಹೆಚ್ಚು ಹೊತ್ತು ಬಡಿಸುವ ಹುಡುಗರ ಕಾಲನ್ನೇ ನೋಡುತ್ತಿದ್ದರು. ಹೋಟೆಲಿನಲ್ಲಿ ಬೆಳೆದವರು ಹಾಗೇ. ಹುಡುಗ ಚುರುಕೋ ಅಲ್ಲವೋ ಎಂಬುದನ್ನು ಅವರು ಕಾಲಿನಲ್ಲಿ ಅಳೆಯುತ್ತಾರೆ, ಕೈಯಲ್ಲಲ್ಲ.

ಊಟವಾದ ಮೇಲೆ ಸುಮ್ಮನೆ ನಡೆದೆವು. ಮಾಟುಂಗಾ ಎಂದರೆ ನಮಗೆ ಕರ್ನಾಟಕ ಸಂಘ, ಮೈಸೂರು ಅಸೋಸಿಯೇಷನ್, ಹೂವಿನ ಅಂಗಡಿ, ಫಿಲ್ಟರ್ ಕಾಫಿ. ಆದರೆ ಇದೇ ಮಾಟುಂಗಾದಲ್ಲಿ ಗಿರಣಿಗಳ ಮೆದುಳೂ ಇತ್ತು. ಗಿರಣಿಗಳಿಗೆ ಬೇಕಾದ ತಂತ್ರಜ್ಞರನ್ನು ತಯಾರು ಮಾಡಲು 1887ರಲ್ಲಿ ಹುಟ್ಟಿದ ವಿಕ್ಟೋರಿಯಾ ಜುಬಿಲಿ ಇನ್‌ಸ್ಟಿಟ್ಯೂಟ್ 1923ರಲ್ಲಿ ಇಲ್ಲಿಗೆ ಬಂತು. ಈಗಿನ ವೀರಮಾತಾ ಜೀಜಾಬಾಯಿ ತಂತ್ರಜ್ಞಾನ ಸಂಸ್ಥೆ ಅದೇ. ಪಕ್ಕದಲ್ಲೇ 1924ರಲ್ಲಿ ಶುರುವಾದ ಹತ್ತಿಯ ಪ್ರಯೋಗಾಲಯ. ನೂಲುವ ಕೈಗಳು ಹೋದವು, ನೂಲಿನ ವಿದ್ಯೆಯ ಮನೆಗಳು ಉಳಿದಿವೆ. ಸಂಜೆ ಐದಕ್ಕೆ ಕಾಲೇಜು ಬಿಟ್ಟು ಬಂದ ಮಕ್ಕಳ ಗುಂಪಿನಲ್ಲಿ ಮಾವ ದಾರಿ ಮಾಡಿಕೊಂಡು ನಡೆದರು. ಒಂದು ಹುಡುಗಿ "ಸಾರಿ ಅಂಕಲ್" ಎಂದು ಪಕ್ಕಕ್ಕೆ ಸರಿದಳು.

ರಾತ್ರಿ ಮಾವ ಚೀಲದಿಂದ ಒಂದು ಪುಸ್ತಕ ತೆಗೆದರು. ಕೆಂಪು ಬಟ್ಟೆಯ ರಟ್ಟು, ಉದ್ದನೆಯದು, ಹೋಟೆಲುಗಳ ಉದ್ರಿ ಪುಸ್ತಕ. ನಾನು ಚಿಕ್ಕವಳಿದ್ದಾಗಿನಿಂದ ಅದನ್ನು ನೋಡಿದ್ದೇನೆ, ಅತ್ತೆ ಹಿಂದಿನ ಖಾಲಿ ಪುಟಗಳಲ್ಲಿ ಡೈರಿಯ ಹಾಲಿನ ಲೆಕ್ಕ ಬರೆಯುತ್ತಿದ್ದರು. ಮುಂದಿನ ಪುಟಗಳನ್ನು ತೆರೆದು ನೋಡಿದ್ದು ಅದೇ ಮೊದಲು. ಎಡಗಡೆ ಅಂಕಣದಲ್ಲಿ ಹೆಸರುಗಳಿಲ್ಲ, ನಂಬರುಗಳಿವೆ. 'ಸಾಚಾ 214'. 'ತ್ರಾಸನ್ 118'. 'ವೈಂಡಿಂಗ್ 37'. ಎದುರಿಗೆ ಸಣ್ಣ ಸಣ್ಣ ಗೀಟುಗಳು, ಚಾ ಒಂದಕ್ಕೆ ಒಂದು ಗೀಟು, ಮೊಳಕೆಕಾಳಿನ ಉಸಲ್-ಪಾವಿಗೆ ಸೊನ್ನೆ. ಎಲ್ಲವೂ ಕನ್ನಡ ಅಕ್ಷರದಲ್ಲಿ, ಹನ್ನೆರಡಕ್ಕೆ ಶಾಲೆ ಬಿಟ್ಟು ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಮತ್ತೆ ಕಲಿತ ದುಂಡನೆಯ ಕೈಬರಹದಲ್ಲಿ.

"ಗಿರಣಿಯವರು ಹೆಸರು ಹೇಳುತ್ತಿರಲಿಲ್ಲ. ತಿಕೀಟಿನ ನಂಬರು ಹೇಳುತ್ತಿದ್ದರು" ಎಂದರು ಮಾವ. ತಿಕೀಟು ಎಂದರೆ ಗಿರಣಿಯ ಗುರುತುಚೀಟಿ, ಖಾತೆ ಎಂದರೆ ಗಿರಣಿಯ ವಿಭಾಗ. ನೇಯ್ಗೆಯ ಮಗ್ಗದ ಖಾತೆಗೆ ಸಾಚಾ, ನೂಲುವ ಖಾತೆಗೆ ತ್ರಾಸನ್. ಇಂಗ್ಲಿಷಿನ ಥ್ರಾಸಲ್ ಎಂಬ ನೂಲುವ ಯಂತ್ರದ ಹೆಸರು ಗಿರಣಿಯ ಬಾಯಲ್ಲಿ ತ್ರಾಸನ್ ಆಯಿತು.

ಕೊನೆಯ ಗೀಟುಗಳಿದ್ದ ಪುಟದ ತಲೆಯಲ್ಲಿ ತಾರೀಕು: 17-1-82.

ಎರಡನೆಯ ದಿನ

ಕರಿ ರೋಡ್ ಸ್ಟೇಷನ್ನಿನಲ್ಲಿ ಇಳಿದು ಸೇತುವೆಯ ಮೇಲೆ ನಿಂತೆವು. ಮಾವ ಮೊದಲು ಮಾಡಿದ ಕೆಲಸ ಚಿಮಣಿ ಎಣಿಸಿದ್ದು. ಅವರು ಬಂದ ವರ್ಷ ಇಲ್ಲಿಂದ ಕಣ್ಣು ಹಾಯಿಸಿದರೆ ಎಣಿಕೆ ತಪ್ಪುತ್ತಿತ್ತಂತೆ. ಈಗ ಗಾಜಿನ ಗೋಪುರಗಳ ಸಂದಿಯಲ್ಲಿ ಒಂದು ಕಂಡಿತು, ಸ್ವಲ್ಪ ಬಲಕ್ಕೆ ಸರಿದರೆ ಇನ್ನೊಂದು. ಮೂರನೆಯದು ಚಿಮಣಿಯೋ ಕ್ರೇನಿನ ಕಂಬವೋ ಎಂದು ಇಬ್ಬರೂ ಬಹಳ ಹೊತ್ತು ನೋಡಿದೆವು. ಕ್ರೇನು.

ಪರೇಲ್, ಲಾಲ್‌ಬಾಗ್, ಚಿಂಚ್‌ಪೋಕ್ಳಿ, ಕಾಳಾಚೌಕಿ, ವರ್ಲಿ, ಇಷ್ಟನ್ನೂ ಸೇರಿಸಿ ಮರಾಠಿಯಲ್ಲಿ ಗಿರಣಗಾಂವ್ ಎನ್ನುತ್ತಾರೆ. ನಮಗೆ ಅರ್ಥ ಹೇಳಬೇಕಾಗಿಲ್ಲ, ಗಿರಣಿ ನಮ್ಮ ಮಾತೂ ಹೌದು. ಹುಬ್ಬಳ್ಳಿಯಲ್ಲೂ ಒಂದು ಗಿರಣಿ ಚಾಳ ಇದೆ. ಕಾವಸಜಿ ನಾನಾಭಾಯಿ ದಾವರ್ 1854ರಲ್ಲಿ ತಾರ್‌ದೇವ್‌ನಲ್ಲಿ ಮೊದಲ ಗಿರಣಿಯ ಕಂಪನಿ ಕಟ್ಟಿದರು. ಅದರ ಹಿಂದಿನ ವರ್ಷವಷ್ಟೇ ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಇಂಗ್ಲೆಂಡಿನ ಮಗ್ಗಗಳಿಗೆ ಹತ್ತಿ ನಿಂತಾಗ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಬಂಗಾರದ ಬೆಲೆ ಬಂತು. ಆ ಹಣ ಮುಂಬಯಿಯ ವರ್ತಕರ ಕೈಯಲ್ಲಿ ಓಡಾಡಿತು. ಯುದ್ಧ ಮುಗಿದ 1865ರಲ್ಲಿ ಎಲ್ಲ ಕುಸಿಯಿತು, ಆದರೂ ಗಿರಣಿಗಳು ಏಳುತ್ತಲೇ ಹೋದವು. ಈ ಚಿಮಣಿಗಳ ಬುಡದಲ್ಲಿ ಗದಗಿನ ಎರೆಮಣ್ಣಿನ ಪಾಲೂ ಇದೆ ಎಂದು ಸೇತುವೆಯ ಮೇಲೆ ನಿಂತು ನನಗೆ ಅನ್ನಿಸಿತು.

ಲಾಲ್‌ಬಾಗಿಗೆ ಇಳಿದರೆ ಮೂಗಿಗೆ ಬರುವುದು ಮೆಣಸಿನಕಾಯಿಯ ಘಾಟು. ಮಿರ್ಚಿ ಗಲ್ಲಿಯಲ್ಲಿ ಇಂದಿಗೂ ಹೆಂಗಸರು ಅವರವರ ಮನೆಯ ಅಳತೆ ಹೇಳಿ, ಮಸಾಲೆ ಹುರಿಸಿ, ಡಂಕದಲ್ಲಿ ಕುಟ್ಟಿಸಿಕೊಂಡು ಹೋಗುತ್ತಾರೆ. ಕಬ್ಬಿಣದ ಒನಕೆಗಳು ಒಂದಾದ ಮೇಲೊಂದು ಬೀಳುವ ಸದ್ದು. ಬ್ಯಾಡಗಿ ಮೆಣಸಿನಕಾಯಿಯ ರಾಶಿ ಕಂಡು ಮಾವನ ಮುಖ ಅರಳಿತು. ಮುಂದೆ ಗಣೇಶ ಗಲ್ಲಿ, ಇಲ್ಲಿ 1928ರಿಂದ ಗಣಪತಿ ಕೂರುತ್ತಾನೆ, ಲಾಲ್‌ಬಾಗಿನ ರಾಜ 1934ರಿಂದ. ಭಾರತ್‌ಮಾತಾ ಚಿತ್ರಮಂದಿರದ ಹತ್ತಿರ ಮಾವ ನಿಂತು ದಿಕ್ಕು ಸರಿಮಾಡಿಕೊಂಡರು. ತಲೆಯ ಮೇಲೆ ಫ್ಲೈಓವರ್. ಅದು ಅವರ ಕಾಲದಲ್ಲಿ ಇರಲಿಲ್ಲ, ಅದರ ನೆರಳಿನಲ್ಲಿ ಎಲ್ಲವೂ ತಪ್ಪು ದಿಕ್ಕಿಗೆ ತಿರುಗಿದಂತೆ ಕಾಣುತ್ತಿತ್ತಂತೆ. ಹತ್ತು ಹೆಜ್ಜೆ ಮುಂದೆ, ಆರು ಹೆಜ್ಜೆ ಹಿಂದೆ.

"ಇಲ್ಲೇ ಇದ್ದಿತ್."

ಮೊಬೈಲ್ ಅಂಗಡಿ. ಪಕ್ಕದಲ್ಲಿ ಔಷಧದ ಅಂಗಡಿ. ಎರಡರ ನಡುವೆ ಒಂದು ಹಳೆಯ ಎರಕದ ಕಂಬ, ಬಣ್ಣ ಬಳಿದು ಬಳಿದು ದಪ್ಪಗಾಗಿದೆ. ಮಾವ ಅದರ ಮೇಲೆ ಕೈಯಿಟ್ಟರು. ಸೊಂಟದ ಎತ್ತರದಲ್ಲಿ ಒಂದು ತಗ್ಗು ಇತ್ತು, ಬಣ್ಣದ ಅಡಿಯಲ್ಲೂ ಬೆರಳಿಗೆ ಸಿಗುವಂಥದ್ದು. ಗ್ಲಾಸಿನ ಸ್ಟ್ಯಾಂಡು ಹಿಡಿದು ಓಡುವ ಹುಡುಗರು ತಿರುವಿನಲ್ಲಿ ಅದಕ್ಕೆ ತಾಗಿಸಿಯೇ ತಾಗಿಸುತ್ತಿದ್ದರಂತೆ. ವರ್ಷಗಟ್ಟಲೆ. ನಾನೂ ಬೆರಳಿಟ್ಟು ನೋಡಿದೆ. ಅಂಗಡಿಯವನು ಏನು ಬೇಕೆಂದು ಕೇಳಿದ, ನಾವು ಏನೂ ಬೇಡವೆಂದೆವು.

ಅಲ್ಲೇ ಎದುರು ಕಟ್ಟೆಯ ಮೇಲೆ ಕೂತು ಮಾವ ಮಾತಾಡತೊಡಗಿದರು. ಇಷ್ಟು ವರ್ಷದಲ್ಲಿ ಇಷ್ಟು ಮಾತು ನಾನು ಅವರಿಂದ ಕೇಳಿರಲಿಲ್ಲ.

ಹೋಟೆಲಿನ ಗಡಿಯಾರ ಗಿರಣಿಯ ಭೋಂಗಾ, ಪಾಳಿ ಬದಲಾಗುವಾಗ ಕೂಗುವ ಸೈರನ್. ಬೆಳಿಗ್ಗೆ ಏಳರಿಂದ ಮೂರೂವರೆ ಮೊದಲ ಪಾಳಿ, ಮೂರೂವರೆಯಿಂದ ನಡುರಾತ್ರಿ ಎರಡನೆಯದು, ಅಲ್ಲಿಂದ ಬೆಳಗಿನ ಏಳರವರೆಗೆ ಮೂರನೆಯದು. ಅತಿ ಕಷ್ಟ ಮೂರೂವರೆಯದು. ಒಂದು ಪಾಳಿ ಹೊರಗೆ ಬರುತ್ತದೆ, ಇನ್ನೊಂದು ಒಳಗೆ ಹೋಗುತ್ತದೆ, ರಸ್ತೆಯಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದು. ಎಲ್ಲರಿಗೂ ಅದೇ ಹತ್ತು ನಿಮಿಷದಲ್ಲಿ ಚಾ ಬೇಕು. ಭೋಂಗಾ ಕೂಗುವ ಮೊದಲೇ ಇನ್ನೂರು ಗ್ಲಾಸು ಸಾಲಾಗಿ ಹಾಸಿ, ಹಾಲು ಉಕ್ಕುವ ಹದಕ್ಕೆ ತಂದು ನಿಲ್ಲಿಸಬೇಕು.

ಗಿರಣಿಯ ಒಳಗೂ ಚಾ ಒಯ್ಯುತ್ತಿದ್ದರು. ಆರು ಗ್ಲಾಸಿನ ತಂತಿಯ ಸ್ಟ್ಯಾಂಡು, ಪ್ರತಿ ಗ್ಲಾಸಿನ ಮೇಲೂ ಒಂದು ಬಶಿ ಕವುಚಿ. ಮುಚ್ಚದಿದ್ದರೆ ಖಾತೆ ದಾಟುವಷ್ಟರಲ್ಲಿ ಚಾದ ಮೇಲೆ ಹತ್ತಿಯ ನವಿರು ಕೆನೆಯ ಹಾಗೆ ಕೂರುತ್ತಿತ್ತು. ಅರಳೆ ಬಿಡಿಸುವ ಬ್ಲೋ ರೂಮು, ಹಿಂಜುವ ಕಾರ್ಡಿಂಗು, ಅಲ್ಲೆಲ್ಲ ಗಾಳಿಯೇ ಬಿಳಿ. ಅಲ್ಲಿ ಬಹಳ ವರ್ಷ ದುಡಿದವರ ಎದೆ ಕಟ್ಟುತ್ತದೆ, ಬಿಸಿನೋಸಿಸ್ ಎಂದು ಆ ರೋಗದ ಹೆಸರು. ವಾರದ ರಜೆ ಮುಗಿಸಿ ಬಂದ ದಿನವೇ ಉಬ್ಬಸ ಜಾಸ್ತಿ. ನೂಲು ಕಡಿಯಬಾರದೆಂದು ಒಳಗಿನ ಗಾಳಿಯನ್ನು ಸದಾ ತೇವವಾಗಿಡುತ್ತಿದ್ದರು, ಅದಕ್ಕೇ ಒಳಗೆ ಹೋದ ಅಂಗಿ ಎರಡು ನಿಮಿಷಕ್ಕೆ ಒದ್ದೆ. ಮಗ್ಗದ ಖಾತೆಯಲ್ಲಿ ಮಾತು ಕೇಳುವುದಿಲ್ಲ. ಎರಡು ಬೆರಳೆತ್ತಿದರೆ ಎರಡು ಚಾ, ಹೆಬ್ಬೆರಳನ್ನು ತುಟಿಗೆ ತಂದರೆ ನೀರು, ಅಂಗೈಯಲ್ಲಿ ಬರೆದಂತೆ ಮಾಡಿದರೆ ಉದ್ರಿ.

ಒಂದು ಸರ್ಕಾರಿ ಗಿರಣಿಯ ಗೋಡೆ ಕುಸಿದ ಕಡೆ ನಿಂತು ಒಳಗೆ ಇಣುಕಿದೆವು. ಗರಗಸದ ಹಲ್ಲಿನಂಥ ಮಾಡು ಇನ್ನೂ ನಿಂತಿದೆ. ಹಲ್ಲಿನ ಕಡಿದಾದ ಬದಿಗೆ ಗಾಜು, ಅದು ಉತ್ತರಕ್ಕೆ ಮುಖ. ನೇರ ಬಿಸಿಲು ಬೀಳಬಾರದು, ಆದರೆ ಎಳೆ ಕಡಿದದ್ದು ಕಣ್ಣಿಗೆ ಕಾಣುವಷ್ಟು ಒಂದೇ ಸಮನೆ ಬೆಳಕು ಬೇಕು. ಈಗ ಗಾಜೆಲ್ಲ ಒಡೆದಿದೆ, ಬೆಳಕು ಮಾತ್ರ ಹಾಗೇ ಬೀಳುತ್ತದೆ, ಮೊಣಕಾಲೆತ್ತರದ ಹುಲ್ಲಿನ ಮೇಲೆ. ಯಂತ್ರಗಳಿದ್ದ ಕಡೆ ನೆಲದಲ್ಲಿ ಬೋಲ್ಟುಗಳ ಸಾಲು. ಚಿಮಣಿಯ ಕೊರಳಿಗೆ ಕಬ್ಬಿಣದ ಪಟ್ಟಿ ಬಿಗಿದಿದ್ದಾರೆ, ಅದರ ಮೇಲೆ ಒಂದು ಅಶ್ವತ್ಥ, ಆಳೆತ್ತರದ್ದು.

ಕಾವಲುಗಾರ ಬಂದು ಹೋಗಿ ಎಂದ. ಒರಟಾಗಿ ಹೇಳಲಿಲ್ಲ.

ಮೂರನೆಯ ದಿನ

ಈ ದಿನ ಲೋವರ್ ಪರೇಲ್. ನನಗೆ ದಾವಣಗೆರೆಯ ಲೆಕ್ಕ ಇಲ್ಲಿ ಕೈಕೊಟ್ಟಿತು. ಗಿರಣಿ ಸತ್ತ ಊರು ಎಂದರೆ ಪಾಳುಗೋಡೆ, ಮುಳ್ಳುಕಂಟಿ, ಬಣಗುಡುವ ರಸ್ತೆ ಎಂದುಕೊಂಡಿದ್ದೆ. ಇಲ್ಲಿ ಸೇನಾಪತಿ ಬಾಪಟ್ ಮಾರ್ಗದಲ್ಲಿ ನಡೆಯಲು ಜಾಗವಿಲ್ಲ. ಕೊರಳಲ್ಲಿ ಪಟ್ಟಿ ತೂಗುವ ಹುಡುಗ ಹುಡುಗಿಯರ ಹೊಳೆ. ಬೆಳಿಗ್ಗೆ ಗೇಟಿನ ಒಳಗೆ, ಸಂಜೆ ಗೇಟಿನ ಹೊರಗೆ. ಗೇಟುಗಳ ಮೇಲೆ ಇಂದಿಗೂ ಮಿಲ್ ಎಂದೇ ಇದೆ: ಕಮಲಾ ಮಿಲ್ಸ್, ಮಥುರಾದಾಸ್ ಮಿಲ್ಸ್. ಒಳಗೆ ಬ್ಯಾಂಕು, ಜಾಹೀರಾತು ಕಂಪನಿ, ಊಟದ ಮನೆ. ಫೀನಿಕ್ಸ್ ಮಿಲ್ ಮಾಲ್ ಆಗಿದೆ. ಅಂಗಳದ ನಡುವೆ ಚಿಮಣಿಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಅದರ ಕೆಳಗೆ ನಿಂತು ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಶ್ರೀನಿವಾಸ ಮಿಲ್ ಇದ್ದಲ್ಲಿ ವರ್ಲ್ಡ್ ಒನ್ ಎಂಬ ವಸತಿ ಗೋಪುರ, 280 ಮೀಟರ್. ಮಾವ ತಲೆಯೆತ್ತಿ ನೋಡಿ ಟೋಪಿ ಬೀಳಿಸಿಕೊಂಡರು.

ಹಾಗಾದರೆ ಇಲ್ಲಿ ಹಾಳಾದದ್ದು ಏನು? ಕಟ್ಟಡಗಳಂತೂ ಅಲ್ಲ. ಮಾಲ್‌ನ ತಂಪಿನಲ್ಲಿ ಕೂತು ಮಾವನಿಗೆ ಕಾಲು ನೋವು ಇಳಿಯುವವರೆಗೆ ನಾನು ಅದನ್ನೇ ಯೋಚಿಸುತ್ತಿದ್ದೆ.

1982ರ ಜನವರಿ 18ರಂದು ಡಾಕ್ಟರ್ ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಕೂಲಿ, ಬೋನಸ್, ಬದಲಿ ಕಾರ್ಮಿಕರನ್ನು ಕಾಯಂ ಮಾಡುವುದು ಬೇಡಿಕೆ. ಅದಕ್ಕಿಂತ ದೊಡ್ಡದು, 1946ರ ಮುಂಬಯಿ ಕೈಗಾರಿಕಾ ಸಂಬಂಧ ಕಾಯ್ದೆ ಹೋಗಬೇಕೆಂಬುದು. ಆ ಕಾಯ್ದೆಯ ಪ್ರಕಾರ ಒಂದೇ ಸಂಘಕ್ಕೆ ಮಾತುಕತೆಯ ಹಕ್ಕು, ಅದು ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘ. ಕಾರ್ಮಿಕರು ನಂಬಿದ ನಾಯಕನ ಜೊತೆ ಮಾಲೀಕರಾಗಲಿ ಸರ್ಕಾರವಾಗಲಿ ಮಾತಿಗೆ ಕೂರಲಿಲ್ಲ. ಆ ಮುಷ್ಕರವನ್ನು ಯಾರೂ ವಿಧಿವತ್ತಾಗಿ ಹಿಂತೆಗೆದುಕೊಳ್ಳಲೇ ಇಲ್ಲ, ಅದು ಹಾಗೇ ಕರಗಿತು. 1983ರಲ್ಲಿ ಕೇಂದ್ರ ಸರ್ಕಾರ ಹದಿಮೂರು ಗಿರಣಿಗಳ ಆಡಳಿತ ವಹಿಸಿಕೊಂಡಿತು. ಸಾಮಂತರನ್ನು 1997ರ ಜನವರಿಯಲ್ಲಿ ಗುಂಡಿಕ್ಕಿ ಕೊಂದರು.

ಮುಷ್ಕರವೇ ಗಿರಣಿಗಳನ್ನು ಕೊಂದಿತು ಎಂದು ಸಲೀಸಾಗಿ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಂತ್ರಗಳು ಅಜ್ಜನ ಕಾಲದವು, ಬದಲಿಸಲಿಲ್ಲ. ಭಿವಂಡಿ, ಇಚಲಕರಂಜಿಯ ಪವರ್‌ಲೂಮುಗಳು ಕಡಿಮೆ ಕೂಲಿಗೆ ಬಟ್ಟೆ ನೇಯತೊಡಗಿದ್ದವು. ಮೇಲಾಗಿ ಗಿರಣಿಯ ಕೆಳಗಿನ ನೆಲದ ಬೆಲೆ ಗಿರಣಿಯ ಬಟ್ಟೆಯ ಬೆಲೆಗಿಂತ ಎಲ್ಲಿಯೋ ಏರಿತ್ತು. ಸುಮಾರು 600 ಎಕರೆ, ಊರಿನ ಹೃದಯದಲ್ಲಿ. 1991ರ ನಿಯಮದಲ್ಲಿ ಗಿರಣಿ ಜಾಗವನ್ನು ಮೂರು ಪಾಲು ಮಾಡಬೇಕೆಂದಿತ್ತು: ಒಂದು ಪಾಲು ಊರಿನ ಬಯಲಿಗೆ, ಒಂದು ಸರ್ಕಾರದ ವಸತಿಗೆ, ಒಂದು ಮಾಲೀಕನಿಗೆ. 2001ರಲ್ಲಿ ಆ ನಿಯಮ ತಿದ್ದಿದರು. ಕಟ್ಟಡವಿಲ್ಲದೆ ಖಾಲಿ ಬಿದ್ದ ಜಾಗವನ್ನಷ್ಟೇ ಪಾಲು ಮಾಡಿದರೆ ಸಾಕು ಎಂದಾಯಿತು. ಗಿರಣಿ ಎಂದರೆ ಮುಕ್ಕಾಲು ಕಟ್ಟಡವೇ ಅಲ್ಲವೇ? ಪಾಲು ಸಾಸಿವೆಯಷ್ಟಾಯಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಆ ಒಂದು ತಿದ್ದುಪಡಿಯನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮಕ್ಕಳು ಆಡುವ ಬಯಲು, ಕೆಲಸ ಕಳೆದುಕೊಂಡವರ ಮನೆ, ಎಲ್ಲ ಒಂದು ಸಾಲಿನಲ್ಲಿ ಹೋಯಿತು.

ಕಾರ್ಮಿಕರಿಗೆ ಲಾಟರಿಯಲ್ಲಿ ಮನೆ ಹಂಚುತ್ತಿದ್ದಾರೆ. 2020ರ ಮಾರ್ಚಿನಲ್ಲಿ 3,894 ಮನೆಗಳಿಗೆ ಚೀಟಿ ಎತ್ತಿದರು. ಅರ್ಜಿ ಹಾಕಿಕೊಂಡವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಅರ್ಜಿಗೆ ತಿಕೀಟು ಬೇಕು, ಸಂಬಳದ ಚೀಟಿ ಬೇಕು, ಭವಿಷ್ಯನಿಧಿಯ ನಂಬರು ಬೇಕು.

"ನಮಗೆ ಅದ್ಯಾವುದೂ ಇರಲಿಲ್ಲ" ಎಂದರು ಮಾವ.

ಅದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಆದರೆ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಗಿರಣಿಯ ಹಾಜರಿ ಪುಸ್ತಕದಲ್ಲಿ ಇದ್ದವರು ಎರಡೂವರೆ ಲಕ್ಷ. ಆ ಪುಸ್ತಕದ ಹೊರಗೆ, ಅದೇ ಭೋಂಗಾಕ್ಕೆ ಎದ್ದು ಮಲಗುತ್ತಿದ್ದವರು ಎಷ್ಟು ಮಂದಿ? ಖಾನಾವಳಿ ನಡೆಸುತ್ತಿದ್ದ ಹೆಂಗಸರು, ಒಂದೇ ಕೋಣೆಯಲ್ಲಿ ಹದಿನೈದು ಇಪ್ಪತ್ತು ಜನರಿಗೆ ರೊಟ್ಟಿ ಬಡಿಯುತ್ತಿದ್ದವರು. ಅವರಲ್ಲಿ ಹಲವರು ತಾವೇ ಹಿಂದೆ ಗಿರಣಿಯಲ್ಲಿದ್ದವರು. ಒಂದು ಕಾಲದಲ್ಲಿ ಐವರು ಕಾರ್ಮಿಕರಲ್ಲಿ ಒಬ್ಬಳು ಹೆಣ್ಣಿದ್ದಳು, ಮೊದಲು ಹೊರಗೆ ಹೋದದ್ದೂ ಅವರೇ. ಸಾಲದ ಬಡ್ಡಿಯಿಂದ ಅವರನ್ನು ಬಿಡಿಸಲು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಹಾಗೆಯೇ ಕ್ಷೌರದವರು, ಬೀಡಾದವರು, ನಮ್ಮ ಕರಾವಳಿಯ ಹೋಟೆಲು ಹುಡುಗರು. ಇವರನ್ನು ಯಾವ ಕಚೇರಿಯೂ ಎಣಿಸಲಿಲ್ಲ. ಅಂದಮೇಲೆ ಇವರು ಕಳೆದುಕೊಂಡದ್ದಕ್ಕೂ ಲೆಕ್ಕವಿಲ್ಲ.

ಸಂಜೆ ವರ್ಲಿಯ ಬಿಡಿಡಿ ಚಾಳುಗಳ ಕಡೆ ಹೋದೆವು. ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ 1920ರ ದಶಕದಲ್ಲಿ ಕಟ್ಟಿದ ಕಾಂಕ್ರೀಟಿನ ಉದ್ದುದ್ದ ಸಾಲುಮನೆಗಳು, ಒಂದೊಂದು ಕೋಣೆ 160 ಚದರಡಿ. ಒಡೆದು ಗೋಪುರ ಕಟ್ಟುವ ಕೆಲಸ ನಡೆದಿದೆ. ಅಲ್ಲಿ ಮಾವ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಾರಣ ನನಗೆ ರಾತ್ರಿ ತಿಳಿಯಿತು.

ಮುಷ್ಕರ ಶುರುವಾಗಿ ನಾಲ್ಕು ತಿಂಗಳ ಮೇಲೆ ಹೋಟೆಲಿನ ಧಣಿ ಮಾವನ ಕೈಗೆ ಉದ್ರಿ ಪುಸ್ತಕ ಕೊಟ್ಟು, ಚಾಳುಗಳಿಗೆ ಹೋಗಿ ಬಾಕಿ ವಸೂಲಿ ಮಾಡಿಕೊಂಡು ಬಾ ಎಂದರಂತೆ. ಮಾವ ಮೂರು ಕೋಣೆಗೆ ಹೋದರು. ಮೊದಲ ಕೋಣೆಯವರು ಊರಿಗೆ, ಸಾತಾರೆಯ ಕಡೆಗೆ, ಹೋಗಿಬಿಟ್ಟಿದ್ದರು. ಎರಡನೆಯದರಲ್ಲಿ ನಾಳೆ ಬನ್ನಿ ಎಂದರು. ಮೂರನೆಯದರಲ್ಲಿ ತ್ರಾಸನ್ 118ರ ಹೆಂಡತಿ ಇದ್ದಳು. ಅವಳು ಏನೂ ಹೇಳದೆ ಒಳಗೆ ಹೋಗಿ ನೀರು ಕಾಯಿಸುವ ತಾಮ್ರದ ಬಂಬು ತಂದು ಹೊಸಿಲ ಮೇಲಿಟ್ಟಳು. ಬೂದಿ ಹಚ್ಚಿ ಆಗಷ್ಟೇ ಬೆಳಗಿದ್ದು. ಕೊಡಲೆಂದೇ ಬೆಳಗಿಟ್ಟಿದ್ದಳೋ ಏನೋ.

ಮಾವ ಅದನ್ನು ಮುಟ್ಟಲಿಲ್ಲ. ಹೋಟೆಲಿಗೆ ಬಂದು ಯಾರೂ ಮನೆಯಲ್ಲಿಲ್ಲ ಎಂದರು. ಧಣಿ ಬಾಕಿಯನ್ನು ಮಾವನ ಸಂಬಳದಲ್ಲಿ ಮುರಿದುಕೊಂಡರು. ಪೂರ್ತಿ ಮುರಿಯುವ ಮೊದಲೇ ಹೋಟೆಲು ಮುಚ್ಚಿತು, ಪುಸ್ತಕ ಮಾವನ ಬಳಿಯೇ ಉಳಿಯಿತು. ಇಷ್ಟನ್ನು ಅವರು ದೀಪ ಆರಿಸಿದ ಮೇಲೆ ಹೇಳಿದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

ನಾಲ್ಕನೆಯ ದಿನ

ರೈಲು ಮಧ್ಯಾಹ್ನ ಮೂರು ಇಪ್ಪತ್ತಕ್ಕೆ. ಬೆಳಿಗ್ಗೆ ಕಾಟನ್ ಗ್ರೀನ್ ನೋಡಿ, ಹಾಗೇ ಕಾಳಾಚೌಕಿಯ ಮೇಲೆ ಲಾಲ್‌ಬಾಗಿಗೆ ಇನ್ನೊಮ್ಮೆ ಹೋಗೋಣವೆಂದರು ಮಾವ. ಕಾಟನ್ ಗ್ರೀನ್‌ನಲ್ಲಿ ಹತ್ತಿಯ ಸುಳಿವಿಲ್ಲ. ಹಸಿರು ಬಣ್ಣದ ಹಳೆಯ ಕಾಟನ್ ಎಕ್ಸ್‌ಚೇಂಜ್ ಕಟ್ಟಡದ ಹತ್ತಿರ ಐದು ನಿಮಿಷ ನಿಂತು ರಿಕ್ಷಾ ಸಿಗದೆ ಟ್ಯಾಕ್ಸಿ ಹಿಡಿದೆವು. ದಕ್ಷಿಣ ಮುಂಬಯಿಯಲ್ಲಿ ರಿಕ್ಷಾ ಓಡಿಸುವುದಿಲ್ಲ ಎಂಬುದು ನನಗೆ ಮರೆತೇ ಹೋಗಿತ್ತು.

ಲಾಲ್‌ಬಾಗಿನ ಒಂದು ಚಾಳಿನ ಬಾಯಲ್ಲಿ, ಮೆಟ್ಟಿಲ ಕೆಳಗಿನ ಬೆಂಚಿನ ಮೇಲೆ, ಒಬ್ಬ ಹಿರಿಯರು ಪೇಪರು ಓದುತ್ತಾ ಕೂತಿದ್ದರು. ಬಿಳಿ ಟೋಪಿ, ಬಿಳಿ ಪೈಜಾಮ, ಎಂಬತ್ತರ ಮೇಲಿನ ವಯಸ್ಸು. ಮಾವ ಸೀದಾ ಹೋಗಿ ಮರಾಠಿಯಲ್ಲಿ ಕೇಳಿದರು, "ಗಿರಣಿಯಲ್ಲಿದ್ದಿರಾ?"

"ಸಾಚಾ ಖಾತೆ. ಮೂವತ್ತೊಂದು ವರ್ಷ" ಎಂದವರು, ಯಾರೂ ಕೇಳದೆ ತಮ್ಮ ತಿಕೀಟು ನಂಬರನ್ನೂ ಹೇಳಿದರು. ರತ್ನಾಗಿರಿಯ ಕಡೆಯವರು. ಅವರ ಗಿರಣಿ ಬೇರೆ, ಕಾಳಾಚೌಕಿಯದು. ಮನೆಗೆ ಅರ್ಜಿ ಹಾಕಿದ್ದಾರೆ, ಚೀಟಿ ಬಂದಿಲ್ಲ. ಮಗನೂ ಸೊಸೆಯೂ ಎರಡು ಮೊಮ್ಮಕ್ಕಳೂ ಮೇಲಿನ ಒಂದೇ ಕೋಣೆಯಲ್ಲಿ. ಮೊಮ್ಮಗ ಲೋವರ್ ಪರೇಲ್‌ನ ಒಂದು ಆಫೀಸಿನಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. "ಅಲ್ಲೂ ಮೂರು ಪಾಳಿ" ಎಂದರು ಹಿರಿಯರು. "ಭೋಂಗಾ ಇಲ್ಲ, ಅಷ್ಟೆ. ಫೋನು ಕೂಗುತ್ತದೆ."

ನೀವು ಯಾವ ಗಿರಣಿ ಎಂದು ಕೇಳಿದರು. ಮಾವ ಹೋಟೆಲಿನ ಗುರುತು ಹೇಳಿದರು.

ಹಿರಿಯರು ಪೇಪರು ಮಡಚಿದರು. "ಉಸಲ್‌ಗೆ ಬೆಲ್ಲ ಹಾಕುತ್ತಿದ್ದಿರಲ್ಲ, ಆ ಉಡುಪಿಯಾ?"

"ಬೆಲ್ಲ ಹಾಕದಿದ್ದರೆ ಮಟಕಿ ಕಹಿ ಬರುತ್ತದೆ" ಎಂದರು ಮಾವ, ನಲವತ್ತು ವರ್ಷ ಆಗಿಯೇ ಇಲ್ಲವೆಂಬಂತೆ.

"ಕಹಿ ಬಂದರೆ ಖಾರ ಹಾಕಬೇಕು. ಬೆಲ್ಲ ಹಾಕುತ್ತಾರೆಯೇ?"

ಇಬ್ಬರೂ ಬಹಳ ಹೊತ್ತು ಆ ಉಸಲ್ ಬಗ್ಗೆಯೇ ಮಾತಾಡಿದರು. ಯಾವ ಹೋಟೆಲಿನ ಚಾ ಗಟ್ಟಿ, ಯಾವ ಇರಾನಿ ಹೋಟೆಲಿನ ಪಾವು ಮೆತ್ತಗೆ, ಆಳು ಸೇರಿಸುವ ಯಾವ ಗೇಟಿನ ಜಾಬರು ಲಂಚಕ್ಕೆ ಬಾಯಿ ಬಿಡುತ್ತಿದ್ದ. ಸೊಸೆ ಮೇಲಿನ ಗ್ಯಾಲರಿಯಿಂದ ಬಗ್ಗಿ ನೋಡಿ, ಕೇಳದೆಯೇ ಮೂರು ಕಪ್ ಚಾ ತಂದಿಟ್ಟಳು.

ಆಮೇಲೆ ಮಾವ ಚೀಲದಿಂದ ಪುಸ್ತಕ ತೆಗೆದರು. ಹಿರಿಯರು ಕನ್ನಡಕ ಏರಿಸಿ, ಪುಟದ ಮೇಲೆ ಬೆರಳಾಡಿಸಿ, ಈ ಅಕ್ಷರ ನನಗೆ ಬಾರದು, ನೀವೇ ಓದಿ ಎಂದರು. ಮಾವ ಓದಿದರು. ಬರೆದದ್ದು ಕನ್ನಡದಲ್ಲಿ, ಓದಿದ್ದು ಮರಾಠಿಯಲ್ಲಿ. "ಸಾಚಾ, ದೋನ್‌ಶೇ ಚೌದಾ. ಸಾಚಾ, ದೋನ್‌ಶೇ ವೀಸ್. ತ್ರಾಸನ್, ಏಕ್‌ಶೇ ಅಠರಾ." ಒಂದೊಂದು ನಂಬರಿಗೂ ಹಿರಿಯರು ತಲೆಯಾಡಿಸುತ್ತಿದ್ದರು. ಬೇರೆ ಗಿರಣಿಯ ನಂಬರುಗಳು, ಅವರಿಗೆ ಒಂದೂ ಗುರುತಿರಲು ಸಾಧ್ಯವಿಲ್ಲ. ಆದರೂ ಪುಟ ಮುಗಿದಾಗ, ಆಚೆ ಪುಟವನ್ನೂ ಓದಿ ಎಂದರು.

ಮಾವ ಜನವರಿ 17ರ ಪುಟದವರೆಗೂ ಓದಿದರು. ಅಲ್ಲಿಂದ ಮುಂದೆ ಅತ್ತೆಯ ಹಾಲಿನ ಲೆಕ್ಕ ಶುರು. ಅದು ಏನೆಂದು ಹಿರಿಯರು ಕೇಳಿದರು. ಎಮ್ಮೆಯ ಹಾಲು, ಬೆಳಿಗ್ಗೆ ಎರಡೂವರೆ ಲೀಟರ್, ಸಂಜೆ ಎರಡು ಎಂದರು ಮಾವ. ಒಳ್ಳೆಯ ಎಮ್ಮೆ ಎಂದರು ಹಿರಿಯರು.

ಹೊರಡುವಾಗ ಸೊಸೆ ಒಂದು ಪೊಟ್ಟಣ ಲಾಲ್‌ಬಾಗಿನ ಮಸಾಲೆ ಕಟ್ಟಿಕೊಟ್ಟಳು. ಉಸಲ್‌ಗೆ, ಬೆಲ್ಲ ಹಾಕಬೇಡಿ ಎಂದು ಅವಳ ಮಾವ ಹೇಳಿಸಿದ್ದರು.

ಕುರ್ಲಾದಲ್ಲಿ ರೈಲು ಸಮಯಕ್ಕೆ ಸರಿಯಾಗಿ ಬಿಟ್ಟಿತು. ಮಾವ ಕಿಟಕಿಯ ಬಳಿ, ತೊಡೆಯ ಮೇಲೆ ಚೀಲ, ಚೀಲದಿಂದ ಮಸಾಲೆಯ ವಾಸನೆ. ಘಾಟ್‌ಕೋಪರ್ ದಾಟಿತು. ದತ್ತಾ ಸಾಮಂತರು ದವಾಖಾನೆ ಇಟ್ಟಿದ್ದ ಊರು ಇದೇ ಎಂದು ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಕಿಟಕಿಯಿಂದ ಮುಖ ತಿರುಗಿಸಿದರು. ಅವರ ಕೈಗೆ ಗಡಿಯಾರವಿರಲಿಲ್ಲ, ಫೋನು ಚೀಲದ ತಳದಲ್ಲಿತ್ತು.

"ಪಾಳಿ ಬಿಡ್ತ್" ಎಂದರು.

ನನ್ನ ಗಡಿಯಾರ ನೋಡಿದೆ. ಮೂರೂವರೆ. ಬಾಗಿಲ ಕಡೆಯಿಂದ ಚಾದ ಹುಡುಗ ಕೂಗುತ್ತಾ ಬರುತ್ತಿದ್ದ, ಮಾವ ಅವನ ಕಾಲನ್ನೇ ನೋಡುತ್ತಿದ್ದರು.